ಎರಡು ಊರುಗಳ ನಡುವಿನ ದೂರ: ಒಂದೇ ಪ್ರಶ್ನೆಗೆ ಮೂರು ಉತ್ತರ ಏಕೆ?

ನಾರ್ವೆಯ ಓಸ್ಲೊದಿಂದ ಬರ್ಗನ್‌ಗೆ ಎಷ್ಟು ದೂರ? ಎರಡೂ ನಗರಗಳ ನಡುಭಾಗಕ್ಕೆ ನೇರ ಗೆರೆ ಎಳೆದರೆ ಸುಮಾರು 305 ಕಿ.ಮೀ. ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಅಳೆದರೆ ಸುಮಾರು 325 ಕಿ.ಮೀ. ಕಾರಿನಲ್ಲಿ ಹೊರಟರೆ ಹಿಡಿದ ದಾರಿಗೆ ತಕ್ಕಂತೆ 460ರಿಂದ 500 ಕಿ.ಮೀ. ಮೂರೂ ಸರಿಯಾದ ಉತ್ತರಗಳೇ. ವಿಮಾನಕ್ಕೆ ಐವತ್ತು-ಐವತ್ತೈದು ನಿಮಿಷ, ಕಾರಿಗೆ ಏಳು ಗಂಟೆ ಎನ್ನುವುದೂ ಸರಿ. ಆದರೆ ಇಷ್ಟನ್ನೇ ನೋಡಿ, ವಿಮಾನ ಹತ್ತಿದವರು ಕಾರಿನವರಿಗಿಂತ ಆರು ಗಂಟೆ ಮೊದಲು ಮುಟ್ಟುತ್ತಾರೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಓಸ್ಲೊದ ಗಾರ್ಡರ್ಮುಯೆನ್ ನಿಲ್ದಾಣ ನಗರದಿಂದ ರಸ್ತೆಯಲ್ಲಿ ಸುಮಾರು 47 ಕಿ.ಮೀ. ದೂರ, ಉತ್ತರ-ಈಶಾನ್ಯಕ್ಕಿದೆ, ಬರ್ಗನ್ ಇರುವುದು ಪಶ್ಚಿಮಕ್ಕೆ. ಅಂದರೆ ಪ್ರಯಾಣಿಕ ಮೊದಲು ತಾನು ಹೋಗಬೇಕಾದ ಊರಿನಿಂದ ಇನ್ನಷ್ಟು ದೂರ ಸರಿಯುತ್ತಾನೆ. ಆ ಕಡೆಯ ಫ್ಲೆಸ್‌ಲಾಂಡ್ ನಿಲ್ದಾಣವೂ ಬರ್ಗನ್ ದಾಟಿ ನೈರುತ್ಯಕ್ಕಿದೆ. ಹೋಗುವಾಗ ಊರನ್ನು ಮೀರಿ ಹಾರಿ, ಇಳಿದ ಮೇಲೆ ವಾಪಸ್ ಬರಬೇಕು. ನಿಲ್ದಾಣಗಳ ನಡುವಿನ ದೂರ ಊರುಗಳ ನಡುವಿನ ದೂರಕ್ಕಿಂತ 20 ಕಿ.ಮೀ. ಹೆಚ್ಚಾದದ್ದು ಹೀಗೆ.

ಈಗ ಯಾವ ಎರಡು ಊರಿನ ಹೆಸರು ಕೊಟ್ಟು ಹುಡುಕಿದರೂ ಯಂತ್ರವೇ ತಯಾರಿಸಿದ ಪುಟವೊಂದು ಸಿಗುತ್ತದೆ: ಇಷ್ಟು ಕಿ.ಮೀ. ವೈಮಾನಿಕ ದೂರ, ಇಷ್ಟು ಕಿ.ಮೀ. ರಸ್ತೆ, ವಿಮಾನದಲ್ಲಿ ಇಷ್ಟು ಗಂಟೆ, ಕಾರಿನಲ್ಲಿ ಇಷ್ಟು ಗಂಟೆ. ಪ್ರತಿ ಅಂಕಿಯೂ ಎಲ್ಲಿಂದ ಎಲ್ಲಿಗೆ, ಯಾವ ಕ್ಷಣದಿಂದ ಯಾವ ಕ್ಷಣಕ್ಕೆ ಎಂಬುದನ್ನು ಮಾತ್ರ ಬಹಳ ಪುಟಗಳು ಹೇಳುವುದಿಲ್ಲ. ಅದನ್ನು ತಿಳಿಯದೆ ಆ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ.

ನೇರ ಗೆರೆ ಎಂದರೆ ಯಾವ ಗೆರೆ

ವೈಮಾನಿಕ ದೂರ ಎಂದು ಕರೆಯುವ ಸಂಖ್ಯೆಗೂ ವಿಮಾನಕ್ಕೂ ನೇರ ಸಂಬಂಧವಿಲ್ಲ. ಅದು ಭೂಮಿಯ ಮೇಲ್ಮೈ ಮೇಲೆ ಎರಡು ಬಿಂದುಗಳನ್ನು ಸೇರಿಸುವ ಅತಿ ಚಿಕ್ಕ ಗೆರೆಯ ಉದ್ದ. ಈ ಗೆರೆ ಮಹಾವೃತ್ತದ ಒಂದು ತುಣುಕು. ಭೂಮಿಯನ್ನು ಕೇಂದ್ರದ ಮೂಲಕ ಎರಡು ಸಮ ಹೋಳು ಮಾಡಿದರೆ ಅಂಚಿನಲ್ಲಿ ಕಾಣುವ ವೃತ್ತವೇ ಮಹಾವೃತ್ತ. ಗೋಳದ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ತಾನಾಗಿ ಈ ಗೆರೆಯ ಮೇಲೇ ಕೂರುತ್ತದೆ.

ಚಪ್ಪಟೆ ನಕಾಶೆಯಲ್ಲಿ ಎಳೆದ ನೇರ ಗೆರೆ ಇದಲ್ಲ. ಎಷ್ಟು ವ್ಯತ್ಯಾಸ ಆಗಬಹುದು ಎಂಬುದಕ್ಕೆ ಒಂದು ಲೆಕ್ಕ ನೋಡಿ. ಎರಡು ಊರುಗಳು 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ, ಅವುಗಳ ರೇಖಾಂಶಗಳ ನಡುವೆ 90 ಡಿಗ್ರಿ ಅಂತರವಿದೆ ಎಂದಿಟ್ಟುಕೊಳ್ಳಿ. ನಕಾಶೆಯಲ್ಲಿ ನೇರವಾಗಿ ಕಾಣುವ, ಅಕ್ಷಾಂಶದ ಜೊತೆಗೇ ಪೂರ್ವಕ್ಕೆ ಸಾಗುವ ದಾರಿಯ ಉದ್ದ ಸುಮಾರು 5,004 ಕಿ.ಮೀ. ಮಹಾವೃತ್ತದ ದಾರಿ ಸುಮಾರು 4,604 ಕಿ.ಮೀ. ನಾನೂರು ಕಿ.ಮೀ. ಉಳಿತಾಯ. ಈ ಚಿಕ್ಕ ದಾರಿ ನಡುವೆ ಸುಮಾರು 68 ಡಿಗ್ರಿ ಉತ್ತರದವರೆಗೆ ಏರಿ ಇಳಿಯುವುದರಿಂದ ನಕಾಶೆಯಲ್ಲಿ ಬಿಲ್ಲಿನಂತೆ ಬಾಗಿ ಕಾಣುತ್ತದೆ. ವಿಮಾನದ ಪರದೆಯಲ್ಲಿ ಆ ಬಾಗನ್ನು ಕಂಡು ‘ಯಾಕೆ ಸುತ್ತಿ ಹೋಗುತ್ತಿದ್ದಾರೆ’ ಎಂದು ಕೇಳುವವರಿಗೆ ಇದೇ ಉತ್ತರ. ಸಮಭಾಜಕ ವೃತ್ತದ ಹತ್ತಿರ, ಅಥವಾ ಉತ್ತರ-ದಕ್ಷಿಣ ಪ್ರಯಾಣದಲ್ಲಿ, ಈ ವ್ಯತ್ಯಾಸ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಲೆಕ್ಕಕ್ಕೆ ಬಳಸುವ ಸೂತ್ರಗಳಲ್ಲಿ ಸರಳವಾದದ್ದು ಹ್ಯಾವರ್‌ಸೈನ್. ಅದು ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಗೋಳವೆಂದು ಭಾವಿಸುತ್ತದೆ. ನಿಜದಲ್ಲಿ ಸಮಭಾಜಕದಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357 ಕಿ.ಮೀ. ಹೀಗಾಗಿ ಈ ಸೂತ್ರದಲ್ಲಿ ಶೇ. 0.5ರಷ್ಟು ತಪ್ಪು ಬರಬಹುದು. ಸಾವಿರ ಕಿಲೋಮೀಟರಿಗೆ ಹೆಚ್ಚೆಂದರೆ ಐದು. ಧ್ರುವಗಳಲ್ಲಿ ತುಸು ಚಪ್ಪಟೆಯಾದ ಭೂಮಿಯ ನಿಜ ಆಕಾರವನ್ನೇ ಹಿಡಿದು ಲೆಕ್ಕ ಹಾಕುವ ವಿನ್ಸೆಂಟಿ ಸೂತ್ರ 1975ರಲ್ಲೇ ಬಂದಿದೆ, ಅದರ ನಿಖರತೆ ಮಿಲಿಮೀಟರ್ ಮಟ್ಟದ್ದು. ಪ್ರಯಾಣಕ್ಕೆ ಹೊರಟವರಿಗೆ ಈ ಭೇದ ಲೆಕ್ಕಕ್ಕಿಲ್ಲ. ಊರಿನ ಬಿಂದುವನ್ನು ಎಲ್ಲಿ ಇಟ್ಟಿದ್ದಾರೆ ಎನ್ನುವುದರಿಂದ ಆಗುವ ತಪ್ಪು ಇದಕ್ಕಿಂತ ಎಷ್ಟೋ ದೊಡ್ಡದು. ದೊಡ್ಡ ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ 40–50 ಕಿ.ಮೀ. ಇರುವಾಗ, ಅಕ್ಷಾಂಶ-ರೇಖಾಂಶವನ್ನು ಹಳೆಯ ಪೇಟೆಯಲ್ಲಿ ಇಟ್ಟರೆ ಒಂದು ಉತ್ತರ, ಆಡಳಿತ ಗಡಿಯ ನಟ್ಟನಡುವೆ ಇಟ್ಟರೆ ಇನ್ನೊಂದು.

ಮೈಲಿ ಎಂಬ ಮಾತು ಬಂದಲ್ಲೂ ಎಚ್ಚರ ಬೇಕು. ವಾಯುಯಾನದಲ್ಲಿ ಬಳಸುವ ನಾಟಿಕಲ್ ಮೈಲಿ 1.852 ಕಿ.ಮೀ., ರಸ್ತೆಯ ಮೈಲಿ 1.609 ಕಿ.ಮೀ. ಐನೂರು ಮೈಲಿ ಎಂದಷ್ಟೇ ಬರೆದಿದ್ದರೆ ಅದು 926 ಕಿ.ಮೀ. ಇರಬಹುದು, 805 ಕಿ.ಮೀ. ಕೂಡ ಇರಬಹುದು.

ಈ ಸಂಖ್ಯೆ ಬರೀ ಕುತೂಹಲದ್ದಲ್ಲ. ಐರೋಪ್ಯ ಒಕ್ಕೂಟದ 261/2004 ನಿಯಮದಲ್ಲಿ ವಿಮಾನ ರದ್ದಾದಾಗ ಅಥವಾ ವಿಪರೀತ ತಡವಾದಾಗ ಕೊಡುವ ಪರಿಹಾರ ನಿಂತಿರುವುದೇ ಮಹಾವೃತ್ತ ದೂರದ ಮೇಲೆ: 1,500 ಕಿ.ಮೀ. ತನಕ 250 ಯೂರೊ, ಅದರಾಚೆಗೆ 400, ಒಕ್ಕೂಟದ ಹೊರಗೆ 3,500 ಕಿ.ಮೀ. ಮೀರಿದರೆ 600. ನಡುವೆ ಒಂದು ಊರಿನಲ್ಲಿ ವಿಮಾನ ಬದಲಿಸಿದವರಿಗೆ ಎರಡು ತುಣುಕುಗಳನ್ನು ಕೂಡಿಸಬೇಕೋ ಬೇಡವೋ ಎಂಬ ಪ್ರಶ್ನೆ ಒಕ್ಕೂಟದ ನ್ಯಾಯಾಲಯದವರೆಗೂ ಹೋಯಿತು. ಹೊರಟ ಊರಿನಿಂದ ಕೊನೆಯ ಊರಿಗೆ ಇರುವ ನೇರ ದೂರವನ್ನಷ್ಟೇ ಹಿಡಿಯಬೇಕು, ಸುತ್ತಿದ್ದು ಲೆಕ್ಕಕ್ಕಿಲ್ಲ ಎಂದು 2017ರಲ್ಲಿ ತೀರ್ಪು ಬಂತು.

ವಿಮಾನ ನಿಜಕ್ಕೂ ಹಾರುವ ದಾರಿ

ಯಾವ ವಿಮಾನವೂ ಮಹಾವೃತ್ತದ ಮೇಲೆ ಚಾಚೂ ತಪ್ಪದೆ ಹಾರುವುದಿಲ್ಲ. ಏಳುವಾಗ ರನ್‌ವೇ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೇ ಏಳಬೇಕು. ಗಾಳಿಗೆ ಮುಖ ಮಾಡಿ ಏಳುವುದು ರೂಢಿಯಾದ್ದರಿಂದ ಎಷ್ಟೋ ಸಲ ಅದು ಹೋಗಬೇಕಾದ ಊರಿಗೆ ತೀರಾ ವಿರುದ್ಧ ದಿಕ್ಕಾಗಿರುತ್ತದೆ. ಆಮೇಲೆ ನಿಗದಿತ ನಿರ್ಗಮನ ಮಾರ್ಗ, ಹೆಸರಿಟ್ಟ ಬಿಂದುಗಳ ಸರಣಿ, ಇಳಿಯುವ ಮುಂಚೆ ಮತ್ತೆ ನಿಗದಿತ ಆಗಮನ ಮಾರ್ಗ. ಸಂದಣಿ ಇದ್ದರೆ ಆಕಾಶದಲ್ಲೇ ಸುತ್ತು ಹಾಕಿಸುತ್ತಾರೆ. ಇದನ್ನು ಒಪ್ಪಿಕೊಂಡೇ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಇಂಗಾಲ ಲೆಕ್ಕದ ವಿಧಾನ ಮಹಾವೃತ್ತ ದೂರಕ್ಕೆ ಒಂದಿಷ್ಟು ಸೇರಿಸುತ್ತದೆ: 550 ಕಿ.ಮೀ. ಒಳಗಿದ್ದರೆ 50 ಕಿ.ಮೀ., 5,500 ಕಿ.ಮೀ. ತನಕ 100, ಅದಕ್ಕೂ ಮೇಲಾದರೆ 125. ಯುರೋಪಿನ ಹೊರಸೂಸುವಿಕೆ ವ್ಯಾಪಾರ ವ್ಯವಸ್ಥೆ ಎಲ್ಲ ಹಾರಾಟಕ್ಕೂ ಸಾರಾಸಗಟಾಗಿ 95 ಕಿ.ಮೀ. ಸೇರಿಸುತ್ತದೆ. ಗಮನಿಸಬೇಕಾದದ್ದು ಏನೆಂದರೆ, 300 ಕಿ.ಮೀ. ಹಾರಾಟಕ್ಕೆ 50 ಕಿ.ಮೀ. ಸೇರಿದರೆ ಅದು ಆರನೇ ಒಂದು ಭಾಗ. 8,000ಕ್ಕೆ 125 ಸೇರಿದರೆ ಶೇ. 2 ಕೂಡ ಆಗುವುದಿಲ್ಲ. ಚಿಕ್ಕ ಹಾರಾಟಗಳಲ್ಲಿ ಸುತ್ತಿನ ಪಾಲು ದೊಡ್ಡದು.

ದೊಡ್ಡ ಸುತ್ತು ಬೀಳುವುದು ರಾಜಕೀಯದಿಂದ. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪಿನ ದೇಶಗಳು ಮತ್ತು ರಷ್ಯಾ ಒಂದರ ವಿಮಾನಗಳಿಗೆ ಇನ್ನೊಂದು ಆಕಾಶ ಮುಚ್ಚಿದವು. ಹೆಲ್ಸಿಂಕಿಯಿಂದ ಟೋಕಿಯೊಗೆ ಮಹಾವೃತ್ತ ಹಾದು ಹೋಗುವುದೇ ರಷ್ಯಾದ ಮೇಲೆ. ಅಲ್ಲಿಯವರೆಗೆ ಸುಮಾರು ಒಂಬತ್ತೂವರೆ ಗಂಟೆಯಲ್ಲಿ ಮುಗಿಯುತ್ತಿದ್ದ ಹಾರಾಟ ಉತ್ತರ ಧ್ರುವದ ಮೇಲಾಗಿ ಅಥವಾ ದಕ್ಷಿಣಕ್ಕೆ ಬಳಸಿ ಹದಿಮೂರು ಗಂಟೆಯ ಹತ್ತಿರ ಬಂತು. ಎರಡು ನಗರಗಳ ನಡುವಿನ ವೈಮಾನಿಕ ದೂರ ಮಾತ್ರ ಹಿಂದೆ ಇದ್ದಷ್ಟೇ ಇದೆ, ಸುಮಾರು 7,800 ಕಿ.ಮೀ. ಆ ದೂರವನ್ನು ಗಂಟೆಗೆ 850ರಿಂದ ಭಾಗಿಸಿ ‘ಒಂಬತ್ತು ಗಂಟೆ’ ಎಂದು ತೋರಿಸುವ ಪುಟ ಇವತ್ತಿನ ಪ್ರಯಾಣಿಕನಿಗೆ ತಪ್ಪು ಮಾಹಿತಿ ಕೊಡುತ್ತಿದೆ. ಆಕಾಶ ಮುಚ್ಚುವ ಘಟನೆಗಳು ಈಗ ಮತ್ತೆ ಮತ್ತೆ ಆಗುತ್ತಿರುವುದರಿಂದ, ದೂರದ ಹಾರಾಟಕ್ಕೆ ವಿಮಾನ ಸಂಸ್ಥೆಯ ಚಾಲ್ತಿ ವೇಳಾಪಟ್ಟಿ ಬಿಟ್ಟು ಬೇರೆ ಯಾವುದನ್ನೂ ನೆಚ್ಚಬಾರದು.

ಇನ್ನು ಗಾಳಿ. ವಿಮಾನದ ವೇಗ ಎಂದರೆ ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ಏರ್‌ಬಸ್ 320, ಬೋಯಿಂಗ್ 737ರಂಥ ವಿಮಾನಗಳು 35,000 ಅಡಿ ಎತ್ತರದಲ್ಲಿ ಶಬ್ದವೇಗದ 0.78ರಷ್ಟು, ಅಂದರೆ ಗಂಟೆಗೆ ಸುಮಾರು 830 ಕಿ.ಮೀ. ಹೋಗುತ್ತವೆ, ದೊಡ್ಡ ಜೆಟ್‌ಗಳು 900ರ ಆಸುಪಾಸು. ನೆಲದ ಮೇಲೆ ಎಷ್ಟು ಕ್ರಮಿಸುತ್ತವೆ ಎಂಬುದನ್ನು ಗಾಳಿ ತೀರ್ಮಾನಿಸುತ್ತದೆ. 5,000 ಕಿ.ಮೀ. ದಾರಿಯುದ್ದಕ್ಕೂ ಪಶ್ಚಿಮದಿಂದ 150 ಕಿ.ಮೀ. ವೇಗದ ಗಾಳಿ ಇದೆ ಎಂದುಕೊಳ್ಳಿ. 830ರ ವೇಗದ ವಿಮಾನಕ್ಕೆ ಪೂರ್ವಕ್ಕೆ ಹೋಗುವಾಗ 5 ಗಂಟೆ 6 ನಿಮಿಷ, ಪಶ್ಚಿಮಕ್ಕೆ ಬರುವಾಗ 7 ಗಂಟೆ 21 ನಿಮಿಷ. ಗಾಳಿಯೇ ಇಲ್ಲದಿದ್ದರೆ ಎರಡೂ ಕಡೆಗೆ 6 ಗಂಟೆ 1 ನಿಮಿಷ. ಹೋಗುವಾಗ ಗಳಿಸಿದ್ದನ್ನು ಬರುವಾಗ ಕಳೆದುಕೊಂಡು ಸರಿಹೋಗುತ್ತದೆ ಎಂದು ಅನ್ನಿಸುತ್ತದೆ, ಹಾಗಾಗುವುದಿಲ್ಲ. ಎರಡೂ ಕಡೆ ಸೇರಿಸಿದರೆ 24 ನಿಮಿಷ ನಷ್ಟ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರಬೇಕಾಗುವುದೇ ಇದಕ್ಕೆ ಕಾರಣ. 2020ರ ಫೆಬ್ರುವರಿಯಲ್ಲಿ ಚಂಡಮಾರುತದ ಗಾಳಿ ಬೆನ್ನಿಗಿದ್ದಾಗ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿತ್ತು. ಅದೇ ದಾರಿಯಲ್ಲಿ ಲಂಡನ್‌ನಿಂದ ಹೊರಟರೆ ಎಂಟು ಗಂಟೆ ಸಾಮಾನ್ಯ.

ಚಿಕ್ಕ ಹಾರಾಟಗಳಿಗೆ ಈ 830 ಸಿಗುವುದೇ ಇಲ್ಲ. ಹಲವು ದೇಶಗಳಲ್ಲಿ 10,000 ಅಡಿಗಿಂತ ಕೆಳಗೆ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ಮಿತಿ ಇದೆ. ಇಳಿಯುವಾಗ 1,000 ಅಡಿಗೆ 3 ನಾಟಿಕಲ್ ಮೈಲಿ ಬೇಕು ಎಂಬುದು ಪೈಲಟ್‌ಗಳ ಅಂದಾಜು. 35,000 ಅಡಿಯಿಂದ ಇಳಿಯಲು 194 ಕಿ.ಮೀ. ಬೇಕು. ಏರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ. ಓಸ್ಲೊ-ಬರ್ಗನ್‌ನಂಥ 325 ಕಿ.ಮೀ. ಹಾರಾಟದಲ್ಲಿ ಅಷ್ಟೆತ್ತರಕ್ಕೆ ಏರಿ ಇಳಿಯಲು ಜಾಗವೇ ಸಾಲದು. ಕೆಳಗಿನ ಎತ್ತರದಲ್ಲೇ ಹಾರಿ ಮುಗಿಸುತ್ತಾರೆ. ಆದ್ದರಿಂದ ದೂರವನ್ನು ಸುಮ್ಮನೆ ವೇಗದಿಂದ ಭಾಗಿಸದೆ, 800ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸುವುದು ಜೆಟ್ ವಿಮಾನಕ್ಕೆ ಒಳ್ಳೆಯ ಅಂದಾಜು. 325 ಕಿ.ಮೀ.ಗೆ 24 ನಿಮಿಷ, ಅರ್ಧ ಗಂಟೆ ಸೇರಿ 54. ಪ್ರೊಪೆಲರ್ ಇರುವ ಎಟಿಆರ್ ವಿಮಾನವಾದರೆ 800ರ ಜಾಗದಲ್ಲಿ 480 ಹಾಕಿ.

ಟಿಕೆಟ್ಟಿನ ಮೇಲೆ ಇರುವುದು ಆಕಾಶದಲ್ಲಿ ಇರುವ ಸಮಯವಲ್ಲ. ಗೇಟ್ ಬಿಟ್ಟು ಹೊರಟಾಗಿನಿಂದ ಆ ಕಡೆ ಗೇಟಿಗೆ ಬಂದು ನಿಲ್ಲುವ ತನಕ ಇರುವ ಬ್ಲಾಕ್ ಟೈಮ್. ನೆಲದ ಮೇಲಿನ ಓಡಾಟ, ರನ್‌ವೇ ಮುಂದಿನ ಸಾಲು, ಎಲ್ಲ ಇದರೊಳಗೆ ಸೇರಿದೆ. ತಡವಾದರೂ ಹೊತ್ತಿಗೆ ಸರಿಯಾಗಿ ಬಂದೆವೆಂದು ಲೆಕ್ಕ ತೋರಿಸಲು ವಿಮಾನ ಸಂಸ್ಥೆಗಳು ಇದಕ್ಕೆ ಕೆಲವು ನಿಮಿಷ ಹೆಚ್ಚು ಸೇರಿಸಿ ವೇಳಾಪಟ್ಟಿ ಮಾಡುವುದುಂಟು. ಒಂದೇ ದಾರಿಗೆ ಎರಡು ಸಂಸ್ಥೆಗಳು ಬೇರೆ ಬೇರೆ ಸಮಯ ತೋರಿಸಿದರೆ, ವೇಗದ ವಿಮಾನ ಯಾವುದು ಎನ್ನುವುದಕ್ಕಿಂತ ಯಾರು ಎಷ್ಟು ಹೆಚ್ಚುವರಿ ನಿಮಿಷ ಇಟ್ಟುಕೊಂಡಿದ್ದಾರೆ ಎಂಬುದೇ ಹೆಚ್ಚಿನ ಸಲ ಕಾರಣ. ವಿಮಾನ ಯಾವ ಕ್ಷಣಕ್ಕೆ ತಲುಪಿತು ಎನ್ನಬೇಕು ಎಂಬುದನ್ನೂ ಐರೋಪ್ಯ ನ್ಯಾಯಾಲಯ 2014ರಲ್ಲಿ ತೀರ್ಮಾನಿಸಿದೆ: ಚಕ್ರ ನೆಲ ಮುಟ್ಟಿದಾಗ ಅಲ್ಲ, ಒಂದು ಬಾಗಿಲಾದರೂ ತೆರೆದು ಪ್ರಯಾಣಿಕರು ಇಳಿಯಬಹುದಾದಾಗ. ಪ್ರಯಾಣಿಕನ ಕಡೆಯಿಂದ ನೋಡಿದರೆ ಇದೇ ನ್ಯಾಯವಾದ ಅಳತೆ.

ರಸ್ತೆಯ ದೂರ, ರಸ್ತೆಯ ಗಂಟೆ

ರಸ್ತೆಯ ದೂರವನ್ನು ನೇರ ದೂರದಿಂದ ಭಾಗಿಸಿದರೆ ಬರುವ ಸಂಖ್ಯೆ ಸಾಮಾನ್ಯವಾಗಿ 1.2ರಿಂದ 1.4ರ ನಡುವೆ ಇರುತ್ತದೆ. ಸಮತಟ್ಟಾದ, ಹೆದ್ದಾರಿಗಳ ಜಾಲ ದಟ್ಟವಾಗಿರುವ ಕಡೆ ಕಡಿಮೆ. ಬೆಟ್ಟ, ಕೊಲ್ಲಿ, ದೊಡ್ಡ ನದಿ ಅಡ್ಡ ಬಂದಲ್ಲಿ ಹೆಚ್ಚು. ಓಸ್ಲೊ-ಬರ್ಗನ್‌ಗೆ ಇದು 1.5 ದಾಟುತ್ತದೆ. ಆ ದಾರಿಯಲ್ಲಿ ದೋಣಿಯ ಹಂಗಿಲ್ಲದೆ ಚಳಿಗಾಲದಲ್ಲೂ ಓಡಾಡಲು 24.5 ಕಿ.ಮೀ. ಉದ್ದದ ಲೆರ್ಡಾಲ್ ಸುರಂಗವನ್ನೇ ಕೊರೆದು 2000ರಲ್ಲಿ ತೆರೆಯಬೇಕಾಯಿತು. ಕೆಲವು ಜೋಡಿಗಳಿಗೆ ಈ ಲೆಕ್ಕವೇ ಅನ್ವಯಿಸುವುದಿಲ್ಲ. ಕಾಂಗೊ ನದಿಯ ಎರಡು ದಡದಲ್ಲಿ ಎದುರುಬದುರಾಗಿರುವ ಕಿನ್ಶಾಸಾ ಮತ್ತು ಬ್ರಾಝಾವಿಲ್ ಎರಡು ದೇಶಗಳ ರಾಜಧಾನಿಗಳು. ನಡುವೆ ಕೆಲವೇ ಕಿಲೋಮೀಟರ್ ನೀರು, ಸೇತುವೆ ಇಲ್ಲ. ಪನಾಮಾ ಮತ್ತು ಕೊಲಂಬಿಯಾ ನಡುವಿನ ಡೇರಿಯನ್ ಕಾಡಿನಲ್ಲಿ ಸುಮಾರು ನೂರು ಕಿ.ಮೀ. ರಸ್ತೆಯೇ ಇಲ್ಲದ್ದರಿಂದ ಉತ್ತರ ಅಮೆರಿಕದಿಂದ ದಕ್ಷಿಣ ಅಮೆರಿಕಕ್ಕೆ ಕಾರು ಓಡಿಸಿಕೊಂಡು ಹೋಗಲಾಗದು. ನೇರ ದೂರವನ್ನು 1.3ರಿಂದ ಗುಣಿಸಿ ರಸ್ತೆ ದೂರ ಎಂದು ತೋರಿಸುವ ಪುಟಕ್ಕೆ ಇದೆಲ್ಲ ಗೊತ್ತಿರುವುದಿಲ್ಲ.

ನಕಾಶೆಯ ಆ್ಯಪ್‌ಗಳು ಹಾಗೆ ಮಾಡುವುದಿಲ್ಲ. ರಸ್ತೆಯನ್ನು ತುಂಡುತುಂಡಾಗಿ ಒಡೆದು, ಪ್ರತಿ ತುಂಡಿಗೂ ಉದ್ದ ಮತ್ತು ವೇಗ ಕೊಟ್ಟು, ಒಟ್ಟು ಸಮಯ ಅತಿ ಕಡಿಮೆ ಆಗುವ ಸರಣಿಯನ್ನು ಹುಡುಕುತ್ತವೆ. 1959ರಲ್ಲಿ ಪ್ರಕಟವಾದ ಡೈಕ್‌ಸ್ಟ್ರಾ ವಿಧಾನದ ವಂಶದವೇ ಈ ಎಲ್ಲ ಲೆಕ್ಕಗಳು. ಇಲ್ಲಿ ಎರಡು ವಿಷಯ ಗಮನಕ್ಕೆ ಬರುವುದಿಲ್ಲ. ಆ್ಯಪ್ ತೋರಿಸುವ ಕಿಲೋಮೀಟರ್ ಅತಿ ಬೇಗದ ದಾರಿಯದ್ದು, ಅತಿ ಹತ್ತಿರದ ದಾರಿಯದ್ದಲ್ಲ. ಮತ್ತು ಕೇಳಿದ ಹೊತ್ತಿಗೆ ತಕ್ಕಂತೆ ಅದು ಬದಲಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಕೂತು ನಾಳೆ ಬೆಳಗಿನ ಪ್ರಯಾಣದ ಸಮಯ ನೋಡಿದರೆ ಖಾಲಿ ರಸ್ತೆಯ ಸಮಯ ಸಿಗುತ್ತದೆ. ಹೊರಡುವ ದಿನ ಮತ್ತು ವೇಳೆಯನ್ನು ತುಂಬಿಯೇ ಕೇಳಬೇಕು. ದಾರಿಯಲ್ಲಿ ದೋಣಿ ದಾಟುವುದಿದ್ದರೆ ದಾಟುವ ನಿಮಿಷ ಸೇರಿರುತ್ತದೆ, ದಡದಲ್ಲಿ ಕಾಯುವ ನಿಮಿಷ ಬಹಳ ಸಲ ಸೇರಿರುವುದಿಲ್ಲ. ಗಡಿಯ ತಪಾಸಣೆಯೂ ಹಾಗೆಯೇ.

ಸರಾಸರಿ ವೇಗದಲ್ಲಿ ಜನ ಹೆಚ್ಚು ಎಡವುತ್ತಾರೆ. 400 ಕಿ.ಮೀ. ದಾರಿಯಲ್ಲಿ ಅರ್ಧ ದೂರ ಗಂಟೆಗೆ 100 ಕಿ.ಮೀ. ವೇಗದ ಹೆದ್ದಾರಿ, ಉಳಿದರ್ಧ ದೂರ 50ರ ವೇಗದ ರಸ್ತೆ ಎಂದಾದರೆ ಸರಾಸರಿ 75 ಅಲ್ಲ. ಮೊದಲರ್ಧಕ್ಕೆ 2 ಗಂಟೆ, ಎರಡನೆಯದಕ್ಕೆ 4, ಒಟ್ಟು 6 ಗಂಟೆ, ಸರಾಸರಿ 66.7. ನಿಧಾನದ ಭಾಗವೇ ಯಾವಾಗಲೂ ಮೇಲುಗೈ. ವೇಗ ಹೆಚ್ಚಿಸಿ ಸಮಯ ಉಳಿಸುವ ಆಸೆಗೂ ಇದೇ ಗಣಿತ ಕಡಿವಾಣ ಹಾಕುತ್ತದೆ: 300 ಕಿ.ಮೀ.ಗೆ 100ರಿಂದ 120ಕ್ಕೆ ಏರಿಸಿದರೆ 30 ನಿಮಿಷ ಉಳಿಯುತ್ತದೆ, 120ರಿಂದ 140ಕ್ಕೆ ಏರಿಸಿದರೆ 21 ಮಾತ್ರ. ಅಪಾಯವೂ ಇಂಧನದ ಖರ್ಚೂ ಮಾತ್ರ ಏರುತ್ತಲೇ ಹೋಗುತ್ತವೆ. ಆ ಇಪ್ಪತ್ತೊಂದು ನಿಮಿಷಕ್ಕಾಗಿ ಯಾರೂ ಜೀವ ಪಣಕ್ಕಿಡಬಾರದು.

ಆ್ಯಪ್ ಹೇಳುವ ಸಮಯದಲ್ಲಿ ಊಟ, ಇಂಧನ, ವಿಶ್ರಾಂತಿ ಸೇರಿರುವುದಿಲ್ಲ. ಐರೋಪ್ಯ ಒಕ್ಕೂಟದ ಕಾನೂನು ಲಾರಿ-ಬಸ್ ಚಾಲಕರಿಗೆ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ಕಡ್ಡಾಯ ಮಾಡಿದೆ. ದಿನಕ್ಕೆ ಓಡಿಸುವುದು 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10. ಇದು ದಣಿವಿನ ಬಗ್ಗೆ ಯೋಚಿಸಿ ಇಟ್ಟ ಮಿತಿ, ಸ್ವಂತ ಕಾರು ಓಡಿಸುವವರೂ ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಆ್ಯಪ್ 12 ಗಂಟೆ ತೋರಿಸಿದ ದಾರಿ ಒಬ್ಬನೇ ಚಾಲಕನಿಗೆ ಎರಡು ದಿನದ ಪ್ರಯಾಣ.

ಎಷ್ಟು ದೂರದಿಂದ ವಿಮಾನ ವಾಸಿ

ಹೋಲಿಕೆ ಮಾಡಬೇಕಾದರೆ ಎರಡನ್ನೂ ಮನೆ ಬಾಗಿಲಿನಿಂದ ಹೋದ ಊರಿನ ಬಾಗಿಲಿನ ತನಕ ಅಳೆಯಬೇಕು. ವಿಮಾನದ ಕಡೆ ದೂರ ಎಷ್ಟಿದ್ದರೂ ಬದಲಾಗದ ಒಂದು ಮೊತ್ತವಿದೆ: ನಿಲ್ದಾಣಕ್ಕೆ ಹೋಗಲು 1 ಗಂಟೆ, ಹೊರಡುವ ಮುಂಚೆ ಒಂದೂವರೆ, ಇಳಿದು ಸಾಮಾನು ಹಿಡಿದು ಹೊರಬರಲು ಅರ್ಧ, ಅಲ್ಲಿಂದ ಊರೊಳಗೆ 1. ಒಟ್ಟು 4 ಗಂಟೆ. ಏರಿ-ಇಳಿಯುವ ಅರ್ಧ ಗಂಟೆ ಸೇರಿ ನಾಲ್ಕೂವರೆ. ಇದರ ಮೇಲೆ 800 ಕಿ.ಮೀ.ಗೆ ಒಂದು ಗಂಟೆ.

ರಸ್ತೆಯ ಸುತ್ತು 1.3, ಬಿಡುವೆಲ್ಲ ಸೇರಿದ ಸರಾಸರಿ ವೇಗ 80 ಎಂದಿಟ್ಟರೆ ಎರಡೂ ಸರಿಸಮ ಆಗುವುದು 300 ಕಿ.ಮೀ. ನೇರ ದೂರಕ್ಕೆ, ಅಂದರೆ 390 ಕಿ.ಮೀ. ರಸ್ತೆಗೆ. ಸರಾಸರಿ 60ಕ್ಕೆ ಇಳಿದರೆ 220 ಕಿ.ಮೀ.ಗೇ ಸಮ, 100ಕ್ಕೆ ಏರಿದರೆ 383ರವರೆಗೂ ಕಾರೇ ಮುಂದೆ. ನಿಲ್ದಾಣ ಹತ್ತಿರವಿದ್ದು, ಕೈಚೀಲ ಮಾತ್ರ ಇದ್ದು ನಾಲ್ಕು ಗಂಟೆಯ ಮೊತ್ತ ಮೂರಕ್ಕೆ ಇಳಿದರೆ, 80ರ ಸರಾಸರಿಗೆ ಸಮವಾಗುವ ದೂರ 300ರಿಂದ 233ಕ್ಕೆ ಬರುತ್ತದೆ. ವಿಮಾನದ ವೇಗವನ್ನು 800ರಿಂದ 900 ಮಾಡಿದರೆ ಆ 300 ಎರಡು-ಮೂರು ಕಿ.ಮೀ. ಅಲುಗುತ್ತದೆ, ಅಷ್ಟೆ. ಚಿಕ್ಕ ದೂರದಲ್ಲಿ ನಿಲ್ದಾಣಕ್ಕೆ ಹೋಗುವ ದಾರಿ, ತಪಾಸಣೆಯ ಸಾಲು, ಸಾಮಾನು ಬರುವ ಬೆಲ್ಟ್ ಇವೇ ಗಂಟೆಗಳನ್ನು ತೀರ್ಮಾನಿಸುತ್ತವೆ. ನಿಲ್ದಾಣವನ್ನು ಊರಿನಿಂದ ಇನ್ನಷ್ಟು ದೂರಕ್ಕೆ ಕಟ್ಟುವ ಯೋಜನೆಗಳು ಬಂದಾಗ ಈ ಲೆಕ್ಕವನ್ನು ಮೊದಲು ಕೇಳಬೇಕು.

ತಡವಾಗುವ ರೀತಿಯೂ ಎರಡರಲ್ಲಿ ಬೇರೆ. ರಸ್ತೆಯಲ್ಲಿ ಅರ್ಧ ಗಂಟೆ ತಡವಾಗಿ ಹೊರಟರೆ ಅರ್ಧ ಗಂಟೆ ತಡವಾಗಿ ಮುಟ್ಟುತ್ತೀರಿ. ವಿಮಾನಕ್ಕೆ ಹತ್ತು ನಿಮಿಷ ತಡವಾದರೆ ಮುಂದಿನ ವಿಮಾನದ ತನಕ ಕಾಯಬೇಕು. ದಿನಕ್ಕೆ ಎರಡೇ ಹಾರಾಟ ಇರುವ ದಾರಿಯಲ್ಲಿ ಅದು ಅರ್ಧ ದಿನ. ಮದುವೆ, ಪರೀಕ್ಷೆ, ಆಸ್ಪತ್ರೆಯ ದಿನಾಂಕಕ್ಕೆ ಹೊರಡುವವರು ಸರಾಸರಿ ಸಮಯ ನೋಡಬಾರದು, ಹತ್ತರಲ್ಲಿ ಒಂಬತ್ತು ಸಲ ಸಾಲುವಷ್ಟು ಸಮಯ ಇಟ್ಟುಕೊಳ್ಳಬೇಕು.

ಪುಟದ ಅಂಕಿಯನ್ನು ಎರಡು ನಿಮಿಷದಲ್ಲಿ ಪರೀಕ್ಷಿಸಿ

ರಸ್ತೆ ದೂರವನ್ನು ನೇರ ದೂರದಿಂದ ಭಾಗಿಸಿ. ಬೇರೆ ಬೇರೆ ಊರುಜೋಡಿಗಳಿಗೂ ಒಂದೇ ಸಂಖ್ಯೆ ಬಂದರೆ ಅಲ್ಲಿ ರಸ್ತೆಯನ್ನು ಯಾರೂ ಅಳೆದಿಲ್ಲ. ದೂರವನ್ನು ಗಂಟೆಗಳಿಂದ ಭಾಗಿಸಿ ನೋಡಿದಾಗ ಪ್ರತಿ ಸಲವೂ ಚೊಕ್ಕಟವಾಗಿ 60, 80 ಅಥವಾ 850 ಬಂದರೆ ಸಮಯವೂ ಹಾಗೇ ಹುಟ್ಟಿದ್ದು. 300 ಕಿ.ಮೀ.ಗೆ ‘ವಿಮಾನದಲ್ಲಿ 21 ನಿಮಿಷ’ ಎಂದು ಬರೆದಿರುವುದು ಇಂಥ ಭಾಗಾಕಾರದಿಂದಲೇ. ಆ ಎರಡು ಊರುಗಳಿಗೆ ನೇರ ವಿಮಾನ ಇದೆಯೇ, ಒಂದರಲ್ಲಾದರೂ ವಿಮಾನ ನಿಲ್ದಾಣ ಇದೆಯೇ ಎಂಬುದನ್ನೂ ಇಂಥ ಪುಟ ನೋಡಿರುವುದಿಲ್ಲ.

ಒಂದೇ ಹೆಸರಿನ ಊರುಗಳು ಇನ್ನೊಂದು ತೊಡಕು. ಹೈದರಾಬಾದ್ ಭಾರತದಲ್ಲೂ ಇದೆ, ಪಾಕಿಸ್ತಾನದ ಸಿಂಧ್‌ನಲ್ಲೂ ಇದೆ. ಲಂಡನ್ ಕೆನಡಾದಲ್ಲಿದೆ, ಸ್ಯಾನ್ ಹೋಸೆ ಕೋಸ್ಟರಿಕಾದ ರಾಜಧಾನಿಯೂ ಹೌದು, ಕ್ಯಾಲಿಫೋರ್ನಿಯಾದ ನಗರವೂ ಹೌದು. ದೂರ ವಿಚಿತ್ರವೆನಿಸಿದರೆ ನಕಾಶೆಯಲ್ಲಿ ಗುರುತು ಯಾವ ದೇಶದಲ್ಲಿ ಬಿದ್ದಿದೆ ನೋಡಿ.

ಕೊನೆಗೆ ಗಡಿಯಾರ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಟ ಊರಿನದು, ತಲುಪುವ ಹೊತ್ತು ತಲುಪಿದ ಊರಿನದು. ಯುಟಿಸಿಗಿಂತ (ಎಲ್ಲ ದೇಶಗಳ ಗಡಿಯಾರಕ್ಕೂ ಆಧಾರವಾದ ವಿಶ್ವ ಸಮಯ) 1 ಗಂಟೆ ಮುಂದಿರುವ ಊರಿನಿಂದ ರಾತ್ರಿ 10ಕ್ಕೆ ಹೊರಟು, 8 ಗಂಟೆ ಮುಂದಿರುವ ಊರಿಗೆ ಮರುದಿನ ಮಧ್ಯಾಹ್ನ 1ಕ್ಕೆ ತಲುಪಿದರೆ ಕಳೆದದ್ದು 15 ಗಂಟೆಯಂತೆ ಕಾಣುತ್ತದೆ. ಎರಡನ್ನೂ ಯುಟಿಸಿಗೆ ತನ್ನಿ: ಹೊರಟದ್ದು 21:00, ತಲುಪಿದ್ದು 05:00. ಹಾರಾಟ 8 ಗಂಟೆಯದ್ದು. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ದೇಶವಾದರೆ ಹೊರಡುವ ದಿನಾಂಕಕ್ಕೆ ಅಲ್ಲಿ ಯಾವ ಸಮಯ ಜಾರಿಯಲ್ಲಿದೆ ಎಂಬುದನ್ನೂ ನೋಡಿಯೇ ಈ ಕಳೆಯುವ ಲೆಕ್ಕ ಮಾಡಬೇಕು.